ಕಿವಿ ಆಫೀಸಿಗೆ ಕೇಳಿಸಿದ ಹಾಡು

ರಾಜಾಜಿನಗರ, ಬೆಂಗಳೂರು
೧೯ ಜನವರಿ ೧೯೫೮, ಭಾನುವಾರ

ನನ್ನ ಅಮ್ಮನಿಗೆ,

ಇಲ್ಲಿಂದಲೇ ನಿನ್ನ ಕಾಲು ಮುಟ್ಟಿದ್ದೇನೆ ಎಂದುಕೋ.

ಇವತ್ತು ಬೆಳಿಗ್ಗೆ ಹಾಲಿನ ಲಿಂಗಮ್ಮ ಕೊಸರು ಹಾಕಲಿಲ್ಲ. ಪಾವಿನ ತುಂಬ ಅಳೆದಳು, ನಮ್ಮ ಪಾತ್ರೆಗೆ ಸುರಿದಳು, ಪಾವನ್ನು ತಲೆಕೆಳಗೆ ಹಿಡಿದು ಕೊನೆಯ ತೊಟ್ಟು ಬೀಳುವವರೆಗೂ ಕಾದಳು. ಅಳತೆಯಲ್ಲಿ ಏನೂ ಕಡಿಮೆಯಿಲ್ಲ. ದಿನವೂ ಆಮೇಲೆ ಬಿಂದಿಗೆಯನ್ನು ಓರೆ ಮಾಡಿ, "ಇದು ನಮ್ ಪುಟ್ಟವ್ವನ ಕಾಫಿಗೆ" ಎಂದು ಒಂದಿಷ್ಟು ಹೆಚ್ಚು ಸುರಿಯುತ್ತಿದ್ದವಳು ಇವತ್ತು ಬಿಂದಿಗೆಯ ಬಾಯಿಗೆ ಬಟ್ಟೆ ಕಟ್ಟಿ ಎದ್ದುಬಿಟ್ಟಳು. ರಾಮಯ್ಯ ಮಾವ ಇನ್ನೂ ಎದ್ದಿರಲಿಲ್ಲ, ಅತ್ತೆ ಒಲೆಯ ಮುಂದೆ ಇದ್ದರು, ಗಮನಿಸಲಿಲ್ಲ. ನಾನು ಬಾಗಿಲಲ್ಲೇ ಪಾತ್ರೆ ಹಿಡಿದು ನಿಂತಿದ್ದೆ. ಅವಳು ನನ್ನ ಮುಖ ನೋಡದೆ, ಇನ್ನೂ ಮನೆ ಏಳದ ಖಾಲಿ ಸೈಟುಗಳ ನಡುವೆ ಹಾದು ಹೋದಳು. ಲಿಂಗಮ್ಮ ಬ್ಯಾಡರಹಳ್ಳಿಯಿಂದಾಚೆಯ ಒಂದು ಸಣ್ಣ ಹಳ್ಳಿಯವಳು. ಆ ಹಳ್ಳಿಯಲ್ಲಿ ನಾನು ಮಾಡಿದ್ದು ಅವಳ ಕಿವಿಗೆ ಈಗ ಬಿದ್ದಿರಬೇಕು, ಇನ್ನು ನಮ್ಮ ಬೀದಿಗೂ ಗೊತ್ತಾಗುತ್ತದೆ. ಅದಕ್ಕೆ ಮುಂಚೆ ನಿನಗೆ ನಾನೇ ಬರೆಯಬೇಕು ಅನ್ನಿಸಿತು.

ಸಂಕ್ರಾಂತಿಗೆ ಕುಣಿಗಲ್ಲಿಗೆ ಯಾಕೆ ಬರಲಿಲ್ಲ ಎಂದು ನೀನು ಕೇಳಿದ್ದಕ್ಕೆ ರಜೆ ಸಿಗಲಿಲ್ಲ ಎಂದು ಬರೆದಿದ್ದೆ. ರಜೆ ಸಿಕ್ಕಿತ್ತು ಅಮ್ಮ. ನೀನು ಹಬ್ಬದ ಹಿಂದಿನ ದಿನ ಬೀಸುವ ಕಲ್ಲಿನ ಮುಂದೆ ಕೂತು ಹಾಡಿಕೊಂಡು ಬೀಸುತ್ತೀಯಲ್ಲ, ಅದನ್ನು ಕೇಳಲು ನನಗೆ ಧೈರ್ಯ ಬರಲಿಲ್ಲ. ಯಾಕೆಂದು ಓದುತ್ತಾ ತಿಳಿಯುತ್ತದೆ.

ನಮ್ಮ ಆಫೀಸಿನ ಬಗ್ಗೆ ನಿನಗೆ ಗೊತ್ತಿರುವುದು ಕಡಿಮೆ. ನಿನ್ನ ತಮ್ಮ ರಾಮಯ್ಯ ಮಾವ ಅಲ್ಲಿ ಹೆಡ್ ಗುಮಾಸ್ತರು, ಅವರ ಮಾತಿನಿಂದ ನನಗೂ ಅಲ್ಲಿ ಕೆಲಸವಾಯಿತು, ಕನ್ನಡದ್ದನ್ನು ಇಂಗ್ಲಿಷಿಗೂ ಇಂಗ್ಲಿಷಿನದ್ದನ್ನು ಕನ್ನಡಕ್ಕೂ ಮಾಡಿಕೊಡುವುದು ನನ್ನ ಕೆಲಸ ಎಂದಷ್ಟೇ ನಿನಗೆ ಹೇಳಿದ್ದೆ. ಅದು ವೈರ್‌ಲೆಸ್ ಠಾಣೆ. ಆದರೆ ಅಲ್ಲಿಂದ ಯಾವ ಮಾತೂ ಹೊರಗೆ ಹೋಗುವುದಿಲ್ಲ. ಹೊಲಗಳ ನಡುವೆ ಎತ್ತರದ ಕಂಬಗಳು, ಕಂಬಗಳ ನಡುವೆ ತಂತಿ. ದೇಶದ ಗಡಿಯಿಂದ, ಸಮುದ್ರದ ಮೇಲಿನ ಹಡಗುಗಳಿಂದ ಬರುವ ಸುದ್ದಿಯನ್ನು ಆ ತಂತಿಗಳು ಹಿಡಿಯುತ್ತವೆ. ಬರೀ ಕೇಳುವುದೇ ಕೆಲಸವಾದ್ದರಿಂದ ಸುತ್ತಲ ಹಳ್ಳಿಯವರು ಅದನ್ನು ಕಿವಿ ಆಫೀಸು ಅನ್ನುತ್ತಾರೆ. ಹೋದ ವರ್ಷ ಹೊರದೇಶದಿಂದ ಹೊಸ ಯಂತ್ರಗಳು ಬಂದವು. ಅವು ಎಷ್ಟು ಸೂಕ್ಷ್ಮವೆಂದರೆ, ದೂರದ ಹಳ್ಳಿಯ ಗಿರಣಿಯಲ್ಲಿ ಮೋಟಾರು ಕಿಡಿ ಹಾರಿಸಿದರೂ ಇಲ್ಲಿ ಚರಚರ ಎನ್ನುತ್ತದೆ. ಅದಕ್ಕೇ ಸುತ್ತಲ ಹಳ್ಳಿಗಳನ್ನೆಲ್ಲ ಸೇರಿಸಿ ನಿಶ್ಶಬ್ದ ವಲಯ ಎಂದು ಸರ್ಕಾರ ಗೊತ್ತುಮಾಡಿತು. ಕಿಡಿ ಹಾರಿಸುವ ಯಂತ್ರ ಯಾವುದನ್ನೂ ಅಪ್ಪಣೆಯಿಲ್ಲದೆ ಇಟ್ಟುಕೊಳ್ಳಬಾರದು ಎಂಬ ಆ ಪ್ರಕಟಣೆಯ ಕನ್ನಡ ನನ್ನದೇ. ನಿಶ್ಶಬ್ದ ವಲಯ ಎಂಬ ಮಾತು ಎಷ್ಟು ಚೆನ್ನಾಗಿ ಬಂತಲ್ಲ ಎಂದು ಆ ದಿನ ಒಳಗೊಳಗೇ ಹಿಗ್ಗಿದ್ದೆ.

ದೀಪಾವಳಿ ಕಳೆದ ಮೇಲೆ ಒಂದು ಸದ್ದು ಶುರುವಾಯಿತು. ದಿನವೂ ದೀಪ ಹಚ್ಚುವ ಹೊತ್ತಿಗೆ, ಗಿಡ್ಡ ಸದ್ದು, ಉದ್ದ ಸದ್ದು, ನಡುನಡುವೆ ಬಿಡುವು. ಗಿರಣಿಯ ಗದ್ದಲ ಹಾಗೆ ಲೆಕ್ಕವಿಟ್ಟು ಬರುವುದಿಲ್ಲ. ಭದ್ರತೆಯ ಅಧಿಕಾರಿಯೊಬ್ಬರು ದೆಹಲಿಯಿಂದ ಬಂದರು. ಅವರನ್ನು ಎಲ್ಲರೂ ಸಾಹೇಬರು ಎಂದೇ ಕರೆಯುವುದು. ಇದು ಗುಪ್ತಸಂಕೇತ, ನಮ್ಮ ಮೂಗಿನ ಕೆಳಗೇ ಯಾರೋ ಕೂತು ಶತ್ರುವಿಗೆ ಸುದ್ದಿ ಕಳಿಸುತ್ತಿದ್ದಾರೆ ಎಂದು ಅವರು ತೀರ್ಮಾನಿಸಿದರು. ಸದ್ದನ್ನು ಕಾಗದದ ಪಟ್ಟಿಯ ಮೇಲೆ ಗೆರೆಗಳಾಗಿ ಬರೆಸಿಕೊಂಡು ಲೆಕ್ಕದವರು ವಾರಗಟ್ಟಲೆ ತಲೆ ಕೆಡಿಸಿಕೊಂಡರು. ಕೊನೆಗೆ ಗೋಪೀನಾಥರು, ಇದು ಕನ್ನಡದಲ್ಲೇನಾದರೂ ಇರಬಹುದೇ ನೋಡೋಣ ಎಂದು ನನ್ನನ್ನು ಒಳಗೆ ಕರೆಸಿದರು. ಗೋಪೀನಾಥರು ನಮ್ಮ ಎಂಜಿನಿಯರು. ಅವರ ಹೆಸರನ್ನು ನಿನಗೆ ಒಂದೆರಡು ಸಲ ಬರೆದಿದ್ದೇನೆ. ಬರೆದದ್ದಕ್ಕಿಂತ ಹೆಚ್ಚು ಅವರ ಬಗ್ಗೆ ಯೋಚಿಸಿದ್ದೆ ಎಂಬುದನ್ನು ಈಗ ಹೇಳಿದರೆ ತಪ್ಪಿಲ್ಲ.

ಕಿವಿಗೆ ಹಾಕಿಕೊಳ್ಳುವ ಫೋನು ಕೊಟ್ಟರು. ಮೊದಲು ಒಗ್ಗರಣೆ ಸಿಡಿದಂತೆ ಕೇಳಿಸಿತು. ಆಮೇಲೆ ನನ್ನ ಬೆರಳುಗಳು ತಾವಾಗಿಯೇ ಮೇಜಿನ ಮೇಲೆ ಆಡತೊಡಗಿದವು. ಅಮ್ಮ, ಅದು ನಿನ್ನ ಬೀಸುವ ಹಾಡಿನ ನಡೆ. ಮೂರು ಸಾಲು. ಎರಡನೆಯ ಸಾಲಿನ ತುಂಡನ್ನು ನೀನು ಬಿಟ್ಟು ಮತ್ತೆ ಎತ್ತಿಕೊಳ್ಳುತ್ತೀಯಲ್ಲ, ಅಲ್ಲಿ ಅದೂ ಬಿಟ್ಟು ಎತ್ತಿಕೊಂಡಿತು. ಕೈ ಬದಲಾಯಿಸುವಾಗ ಉಸಿರು ತೆಗೆದುಕೊಳ್ಳುವ ಜಾಗವೂ ಇತ್ತು. ನಿನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಾಗ ಕಲ್ಲಿನ ಜೊತೆಗೆ ನಿನ್ನ ಮೈಯೂ ಓಲಾಡುತ್ತಿದ್ದದ್ದು ನೆನಪಾಗಿ, ಆ ತಂತಿ ಯಂತ್ರಗಳ ಕೋಣೆಯಲ್ಲಿ ನನಗೆ ಕಣ್ಣು ತುಂಬಿತು.

ನಾನು ಗಂಡಸರ ಮುಂದೆ ಬಾಯಿ ಬಿಡುವವಳಲ್ಲ ಎಂದು ನಿನಗೆ ಗೊತ್ತು. ಆ ದಿನ ಮಾತ್ರ ಎದ್ದು ನಿಂತು, "ಇದು ಸಂಕೇತ ಅಲ್ಲ ಸಾರ್, ಹಾಡು. ಹೆಂಗಸರು ಬೀಸೋವಾಗ ಹೇಳೋ ಹಾಡು" ಎಂದುಬಿಟ್ಟೆ. ಕೋಣೆಯವರೆಲ್ಲ ನಕ್ಕರು. "ಏನ್ರೀ ವತ್ಸಲಾ, ಗೂಢಚಾರರು ರಾಗಿ ಬೀಸ್ತಾರಾ?" ಎಂದರು ಗೋಪೀನಾಥರು. ನಾನು ಪಟ್ಟಿಯ ಗೆರೆಗಳ ಮೇಲೆ ಬೆರಳಿಟ್ಟು, ನಿನ್ನ ಹಾಡನ್ನೇ ಗುನುಗಿ ತೋರಿಸಿದೆ. ಗೆರೆ ಎಲ್ಲಿ ಉದ್ದವೋ ಅಲ್ಲಿ ನನ್ನ ದನಿ ಎಳೆಯಿತು. ನಗು ನಿಂತಿತು. ಸಾಹೇಬರು ಒಂದೇ ಪ್ರಶ್ನೆ ಕೇಳಿದರು. ಹಾಡಾದರೆ ಹಾಡುವವರು ಯಾರು?

ಮಾರನೆಯ ಸಂಜೆ ಜೀಪಿನಲ್ಲಿ ಹೋದೆವು. ಗೋಪೀನಾಥರ ಕೈಯಲ್ಲಿ ಬಳೆಯಂಥ ದೊಡ್ಡ ಏರಿಯಲ್ಲು. ಅದನ್ನು ತಿರುಗಿಸುತ್ತಾ ಹೋದಂತೆ ಸದ್ದು ಜೋರಾಗಿ, ಲಿಂಗಮ್ಮನ ಹಳ್ಳಿಯ ಒಂದು ಬೀದಿಗೆ ಬಂದು ನಿಂತೆವು. ಗಂಡಸರು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ, ಹೆಂಗಸರ ಹತ್ತಿರ ಹೆಂಗಸು ಹೋಗಲಿ ಎಂದು ನನ್ನನ್ನು ಮುಂದೆ ಕಳಿಸಿದರು. ನಾನು ಹಾಡಿನ ಜಾಡು ಹಿಡಿದು ಹೋದೆ. ಒಂದು ಹಂಚಿನ ಮನೆಯ ಬಾಗಿಲಲ್ಲಿ ಹಾಡು, ಹಾಡಿನ ಜೊತೆಗೆ ಜೀರುಂಡೆಯಂಥ ಸದ್ದು.

ಆ ಮನೆಯಾಕೆ ಚಿಕ್ಕಲಕ್ಷ್ಮಮ್ಮ, ಗಂಡ ಮರಿಯಪ್ಪ. ಅವನು ಕಲ್ಲುಕ್ವಾರಿಯಲ್ಲಿ ಕೆಲಸ ಮಾಡುತ್ತಿದ್ದವನು. ಹೋದ ಬೇಸಿಗೆಯಲ್ಲಿ ಜ್ವರ ಬಂದು ಬಿಟ್ಟ ಮೇಲೆ ಎರಡೂ ಕಾಲು ಸೋತುಹೋದವು. ಚಾಪೆಯ ಮೇಲೆ ಗೋಡೆಗೆ ಒರಗಿಸಿದ್ದಳು. ಕಾಲಿನ ಮೀನಖಂಡಕ್ಕೆ ಒದ್ದೆ ಬಟ್ಟೆ ಸುತ್ತಿ, ಅದಕ್ಕೆ ತಂತಿ ಕಟ್ಟಿ, ತಂತಿಯನ್ನು ಮರದ ಪೆಟ್ಟಿಗೆಯೊಂದಕ್ಕೆ ಸೇರಿಸಿದ್ದಳು. ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಮಿಲಿಟರಿಯ ಹಳೆಯ ಸಾಮಾನು ಮಾರುವ ಕಡೆಯಿಂದ ತಂದದ್ದಂತೆ, ನರಕ್ಕೆ ಕರೆಂಟು ಕೊಡುವ ಪೆಟ್ಟಿಗೆ. ಒಂದು ಗುಂಡಿ ಒತ್ತಿದರೆ ಒಳಗೆ ಕಿಡಿ ಹಾರಿ ಜೀರ್ ಎನ್ನುತ್ತದೆ.

ನಾನು ಬಾಗಿಲಲ್ಲಿ ನಿಂತದ್ದು ಕಂಡು, "ಆಚೆ ಯಾಕವ್ವ ನಿಂತ್ಕಂಡೆ, ಒಳೀಕ್ ಬಾ" ಎಂದಳು. ಯಾರು, ಏಕೆ ಬಂದೆ ಎಂದೂ ಕೇಳಲಿಲ್ಲ. ನಿಮ್ಮ ಹಾಡು ಕೇಳಿ ಬಂದೆ ಎಂದೆ. ಮರಿಯಪ್ಪ ನಕ್ಕ. "ಕೇಳಿಸ್ಕಂಡೇನೇ? ನಿನ್ನ ಹಾಡು ಕೇಳಕ್ಕೂ ಪ್ಯಾಟೆಯಿಂದ ಬತ್ತಾರೆ. ನಾನು ಎದ್ದು ಓಡಕ್ಕಾಗಲ್ಲ, ಅದ್ಕೆ ಕೇಳ್ತಾ ಇದೀನಿ. ಇವರಿಗೇನು ಬಂತು?"

"ಸುಮ್ಕಿರು. ಕಾಲು ಸೋತ್ರೂ ಈ ಯಪ್ಪನ ಬಾಯಿ ಸೋತಿಲ್ಲ ಕಣವ್ವ" ಎಂದು ಅವಳು ನನಗೆ ಮಣೆ ಹಾಕಿದಳು.

ಗುಂಡಿಯನ್ನು ಹಾಡಿಗೆ ಸರಿಯಾಗಿ ಯಾಕೆ ಒತ್ತುತ್ತೀರಿ ಎಂದು ಕೇಳಿದೆ. ಅವಳು ಹೇಳಿದ್ದು ನನಗೆ ಮರೆಯುವುದೇ ಇಲ್ಲ. "ಕಾಂಪೌಂಡರು ಹೇಳವ್ನೆ, ಒತ್ತಿ ಒತ್ತಿ ಬಿಡ್ಬೇಕು, ಒಂದೇ ಸಮ ಹಿಡ್ಕಂಡ್ರೆ ಚರ್ಮ ಸುಟ್ಟೋಯ್ತದೆ ಅಂತ. ಎಷ್ಟೊತ್ತು ಅಂದ್ರೆ ಗಡಿಯಾರ ನೋಡ್ಕ ಅಂದ. ನಮ್ತಾವ ಗಡಿಯಾರ ಎಲ್ ಬರ್ಬೇಕು? ಹಾಡು ಹಿಡ್ಕಂಡೆ. ಹಾಡು ಎಳೆದ ಕಡೆ ಒತ್ತೋದು, ಬಿಟ್ಟ ಕಡೆ ಬಿಡೋದು. ಇವತ್ತಿನ ಗಂಟ ಒಂದು ಬೊಬ್ಬೆ ಎದ್ದಿಲ್ಲ ನೋಡು."

ಹೀಗೆ ಹೇಳಿ ಮತ್ತೆ ಹಾಡಿ ಒತ್ತಿದಳು. ಮರಿಯಪ್ಪನ ಎಡಗಾಲಿನ ಹೆಬ್ಬೆರಳು ಅಲ್ಲಾಡಿತು. "ಕಂಡೇನವ್ವ? ಕಂಡೇನು?" ಎಂದು ಇಬ್ಬರೂ ಒಟ್ಟಿಗೇ ಕೇಳಿದರು. ಕಂಡೆ ಎಂದೆ. ನಾನು ಏತಕ್ಕೆ ಬಂದಿದ್ದೆನೋ ಆ ಗಳಿಗೆಯಲ್ಲಿ ನಿಜವಾಗಿ ಮರೆತಿದ್ದೆ. ಸಂತೋಷ ತಡೆಯಲಾರದೆ, ನಿಮ್ಮ ಹಾಡಿನಿಂದಲೇ ನಮ್ಮ ಆಫೀಸಿನಲ್ಲಿ ನಿಮ್ಮನ್ನು ಕಂಡುಹಿಡಿದೆ, ನಮ್ಮಮ್ಮನೂ ಹೀಗೇ ಹಾಡುತ್ತಾಳೆ ಎಂದೆ. ನನ್ನ ಮಾತು ಮುಗಿಯುವಷ್ಟರಲ್ಲಿ ಬಾಗಿಲ ಬೆಳಕು ಮರೆಯಾಯಿತು. ಸಾಹೇಬರು ಬೂಟುಗಾಲಿನಲ್ಲೇ ಒಳಗೆ ಬಂದಿದ್ದರು, ಹಿಂದೆ ಪೊಲೀಸಿನವರು.

ಯಾರನ್ನೂ ಹೊಡೆಯಲಿಲ್ಲ ಅಮ್ಮ, ಬೈಯಲೂ ಇಲ್ಲ. ಪೆಟ್ಟಿಗೆಯನ್ನು ತೆಗೆದುಕೊಂಡರು, ಮನೆಗೆ ಬರುವ ಕರೆಂಟಿನ ತಂತಿಯನ್ನು ಕಂಬದ ಹತ್ತಿರ ಕತ್ತರಿಸಿದರು. ಹೇಳಿಕೆ ಕೊಡಲು ಪೊಲೀಸ್ ಠಾಣೆಗೆ ಬರಬೇಕಾಗುತ್ತದೆ ಎಂದಾಗ ಮರಿಯಪ್ಪ, "ಸ್ಟೇಷನ್ ಗಂಟ ನಡೆಯಂಗಾದ್ರೆ ಆ ಪೆಟ್ಟಿಗೆ ನಿಮಗೇ ಇರ್ಲಿ ಸ್ವಾಮಿ" ಎಂದ. ಸಾಹೇಬರಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕಾದವಳು ನಾನು. ಹೇಳಿದೆ. ಅವರು ನಗಲಿಲ್ಲ.

ಸಾಹೇಬರು ಕೆಟ್ಟವರು ಎಂದು ಬರೆದುಬಿಟ್ಟರೆ ಸುಲಭವಾಗುತ್ತಿತ್ತು. ಮಾರನೆಯ ದಿನ ಅವರೇ ನನ್ನನ್ನು ಕೂರಿಸಿ ಮಾತಾಡಿದರು. ಹಿಮದ ಗಡಿಯಲ್ಲಿ ಕೂತ ಸಿಪಾಯಿಯೊಬ್ಬ ಕಳಿಸಿದ ಸುದ್ದಿಯಲ್ಲಿ ಎರಡು ಮಾತು ಆ ಸದ್ದಿನಲ್ಲಿ ಮುಳುಗಿಹೋಗಿ, ಮತ್ತೆ ಕೇಳಿಸಿಕೊಳ್ಳುವಷ್ಟರಲ್ಲಿ ಬೆಳಗಾಗಿತ್ತಂತೆ. ಅವತ್ತು ಏನೂ ಆಗಲಿಲ್ಲ, ಇನ್ನೊಂದು ದಿನ ಆದರೆ ಅವನ ತಾಯಿಗೆ ಏನು ಹೇಳುತ್ತೀರಿ ಎಂದು ಕೇಳಿದರು.

ಆದರೆ ದಾರಿ ಇತ್ತು ಅಮ್ಮ. ಅದಕ್ಕೇ ಇಷ್ಟು ಸಂಕಟ. ಅವತ್ತು ಜೀಪಿನಲ್ಲಿ ವಾಪಸು ಬರುವಾಗಲೇ ಗೋಪೀನಾಥರು, "ಅಳಬೇಡಿ. ಆ ಪೆಟ್ಟಿಗೇನ ತಾಮ್ರದ ಬಲೆ ಹೊದಿಸಿದ ಇನ್ನೊಂದು ಪೆಟ್ಟಿಗೇಲಿಟ್ಟು, ತಂತಿಗೊಂದು ತಡೆ ಹಾಕಿದ್ರೆ ಸದ್ದು ಆಚೆಗೇ ಬರಲ್ಲ. ಒಂದು ಮಧ್ಯಾಹ್ನದ ಕೆಲಸ, ನಾನೇ ಮಾಡಿಕೊಡ್ತೀನಿ" ಎಂದರು. ಮಾಡಿಯೂ ಮಾಡಿದರು. ಬಲೆಯೊಳಗೆ ಪೆಟ್ಟಿಗೆಯಿಟ್ಟು, ನನಗೆ ಫೋನು ಕೊಟ್ಟು, ತಾವು ಗುಂಡಿ ಒತ್ತಿದರು. ಕಣ್ಣಿಗೆ ಕಿಡಿ ಕಾಣಿಸಿತು, ಕಿವಿಗೆ ಏನೂ ಕೇಳಿಸಲಿಲ್ಲ. ಅವರ ಮುಖ ಆಗ ಎಷ್ಟು ಬೆಳಗಿತ್ತು ಗೊತ್ತೇ.

ಸಾಹೇಬರು ಒಪ್ಪಲಿಲ್ಲ. ಒಂದು ಮನೆಗೆ ವಿನಾಯಿತಿ ಕೊಟ್ಟರೆ ನಾಳೆ ಹತ್ತು ಮನೆಯವರು ಬರುತ್ತಾರೆ, ಬಲೆ ಹರಿದರೆ ಯಾರು ನೋಡುತ್ತಾರೆ, ಹೊಸ ನಿಯಮವನ್ನು ಮೊದಲ ಸಲಕ್ಕೇ ಸಡಿಲ ಮಾಡಬಾರದು ಎಂದರು. ಮೇಲಿನವರಿಗೆ ಹೋಗುವ ವರದಿಯಲ್ಲಿ ಗೋಪೀನಾಥರು ಬರೆದಿದ್ದ ತಾಮ್ರದ ಬಲೆಯ ವಾಕ್ಯ, ಟೈಪಾಗಿ ಬಂದಾಗ ಇರಲಿಲ್ಲ. ಅದಿದ್ದರೆ ಮೇಲಿನವರು ಪೆಟ್ಟಿಗೆಯನ್ನು ವಾಪಸು ಕೊಡಿ ಎನ್ನಬಹುದು. ಅದಿಲ್ಲದಿದ್ದರೆ ಕೇಳುವವರೇ ಇಲ್ಲ. ನಾನು ಗೋಪೀನಾಥರ ಮೇಜಿನ ಮುಂದೆ ಹೋಗಿ ನಿಂತೆ. ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ, "ಮಾರ್ಚ್‌ನಲ್ಲಿ ನನ್ನನ್ನ ಹೊರದೇಶಕ್ಕೆ ಟ್ರೈನಿಂಗಿಗೆ ಕಳಿಸ್ತಾರೆ. ಪಟ್ಟೀಲಿ ಹೆಸರಿಡೋದು ಸಾಹೇಬರೇ. ನೀವೂ ಸ್ವಲ್ಪ ಅರ್ಥ ಮಾಡ್ಕೊಳ್ಳಿ" ಎಂದರು. ಅರ್ಥವಾಯಿತು. ಅವರ ಬಗ್ಗೆ ಇನ್ನು ಕೇಳಬೇಡ.

ಸಂಕ್ರಾಂತಿಯ ರಜೆಯಲ್ಲಿ ನಾನು ಆ ಹಳ್ಳಿಗೆ ಹೋಗಿದ್ದೆ. ಎಳ್ಳುಬೆಲ್ಲದ ಪೊಟ್ಟಣ ಹಿಡಿದುಕೊಂಡು, ಮಾವನಿಗೆ ಗೆಳತಿಯ ಮನೆಗೆ ಎಂದು ಹೇಳಿ. ದೀಪ ಹಚ್ಚುವ ಹೊತ್ತು. ಬೀದಿಯ ಉದ್ದಕ್ಕೂ ಮನೆಮನೆಯಲ್ಲಿ ರಾಗಿಕಲ್ಲು ತಿರುಗುತ್ತಿತ್ತು. ಗರಗರ ಎಂಬ ಕಲ್ಲಿನ ಸದ್ದು ಬಿಟ್ಟರೆ ಬೇರೇನಿಲ್ಲ. ಒಂದು ಮನೆಯಲ್ಲೂ ಹಾಡಿಲ್ಲ. ಹಬ್ಬದ ಸಂಜೆ ಅಮ್ಮ, ಅಷ್ಟು ಹೆಂಗಸರು ಬಾಯಿ ಕಟ್ಟಿಕೊಂಡು ಬೀಸುತ್ತಿದ್ದರು.

ಜಗಲಿಯ ಮೇಲೆ ಕೂತಿದ್ದ ಮುದುಕಿ ಮುನಿತಾಯಮ್ಮ ನನ್ನನ್ನು ಗುರುತು ಹಿಡಿದಳು. "ಬಂದ್ಯಾ? ಹಾಡೋಕ್ಕೂ ಲೈಸೆನ್ಸು ಬೇಕಂತೆ, ತಂದಿದ್ದೀಯಾ? ನನ್ ತಾವ ನಮ್ಮತ್ತೆ ಹೇಳಿಕೊಟ್ಟ ಹಾಡು ಒಂದು ಮೂಟೆ ಅವೆ, ಅವನ್ನೂ ಜೀಪಲ್ಲಿ ಹಾಕ್ಕಂಡೋಗು" ಎಂದಳು. ಪಕ್ಕದ ಮನೆಯವರು ನಕ್ಕರು, ನನ್ನ ಕಡೆ ನೋಡಿ ನಗು ನಿಲ್ಲಿಸಿದರು.

ನಾನು ಅಲ್ಲೇ ನಿಂತು ವಿವರಿಸಿದೆ. ಆಫೀಸಿಗೆ ಕೇಳಿಸುವುದು ಪೆಟ್ಟಿಗೆಯ ಕಿಡಿ, ಮನುಷ್ಯರ ದನಿಯಲ್ಲ, ನೀವು ಎಷ್ಟು ಹಾಡಿದರೂ ಯಾವ ಯಂತ್ರಕ್ಕೂ ಕೇಳುವುದಿಲ್ಲ ಎಂದೆ. ಮುನಿತಾಯಮ್ಮ ಕಣ್ಣು ಕಿರಿದು ಮಾಡಿ, "ಅಂಗಾರೆ ಹಾಡಿಂದ ಕಂಡುಹಿಡಿದೆ ಅಂತ ಚಿಕ್ಕಲಕ್ಷ್ಮಿ ಮುಂದೆ ಅಂದಿದ್ದು ಸುಳ್ಳಾ?" ಎಂದು ಕೇಳಿದಳು. ಸುಳ್ಳಲ್ಲ ಎಂದೆ. "ಮತ್ತೆ?" ಎಂದಳು.

ಚಿಕ್ಕಲಕ್ಷ್ಮಮ್ಮ ನನ್ನ ಮೇಲೆ ಸಿಟ್ಟಾಗಲಿಲ್ಲ. ಬಾಯಿಗೆ ಸೆರಗು ಹಿಡಿದು, ಸೂರಿನ ಕಡೆ ಕಣ್ಣು ತೋರಿಸಿ, "ಇದೂ ಕೇಳ್ತದಾ ಅವ್ವ?" ಎಂದು ಪಿಸುಗುಟ್ಟಿದಳು. ಎಳ್ಳು ತೆಗೆದುಕೊಂಡಳು, ನನಗೆ ಅವರೆಕಾಯಿ ಕಟ್ಟಿಕೊಟ್ಟಳು, ಎಲ್ಲವೂ ಪಿಸುಮಾತಿನಲ್ಲೇ. ಮರಿಯಪ್ಪ, ಹೆಬ್ಬೆರಳು ಮುಷ್ಕರ ಹೂಡವ್ನೆ ಎಂದು ನಗಿಸಲು ನೋಡಿದ. ಬೆರಳು ಅಲ್ಲಾಡಿದ್ದು ಕರೆಂಟಿನ ಕುಣಿತವೇ ಹೊರತು ಕಾಲಿಗೆ ಜೀವ ಬಂದದ್ದಲ್ಲ ಎಂದು ಗೋಪೀನಾಥರು ನನಗೆ ಹೇಳಿದ್ದರು. ಅದನ್ನು ನಾನು ಅವನಿಗೆ ಹೇಳಲಿಲ್ಲ. ಅವನಿಗೂ ಗೊತ್ತಿತ್ತೋ ಏನೋ. ಹೆಂಡತಿ ಹಿತ್ತಲಿಗೆ ಹೋದಾಗ ದನಿ ತಗ್ಗಿಸಿ ಹೇಳಿದ. "ಕಾಲು ಹೋದ್ರೆ ಹೋಗ್ಲಿ ಕಣವ್ವ. ಸಂಜೆ ಅಂದ್ರೆ ಇವಳು ನನ್ ಮುಂದೆ ಕೂತ್ಕಂಡು ಹಾಡೋಳು. ಅದೊಂದೊತ್ತು ನಾನೂ ಮನುಷ್ಯ ಅನ್ನಿಸೋದು. ಈಗ ಗಂಜಿ ಇಟ್ಟು ಗೋಡೆ ಕಡೆ ತಿರುಗ್ತಾಳೆ."

ಅಮ್ಮ, ನಾನು ಓದಿದ್ದು ಸಾಹಿತ್ಯ. ಹಾಡು ಎಲ್ಲಿದ್ದರೂ ಗುರುತು ಹಿಡಿಯುವ ಕಿವಿ ನಿನ್ನಿಂದ ಬಂದದ್ದು. ಅದನ್ನಿಟ್ಟುಕೊಂಡು ನಾನು ಒಂದು ಊರಿನ ಹೆಂಗಸರ ಬಾಯಿ ಮುಚ್ಚಿಸಿದೆ. ನಿನ್ನ ಹಾಡು ಕೇಳಲು ಯಾಕೆ ಬರಲಿಲ್ಲ ಎಂದು ಈಗ ತಿಳಿಯಿತಲ್ಲ.

ಕೆಲಸ ಖಾಯಂ ಆಗುವ ವಿಷಯ. ಶುಕ್ರವಾರ ಸಾಹೇಬರು ನನ್ನನ್ನು ಹೊಗಳಿ ಆಜ್ಞೆ ಬರೆಸಿದ್ದಾರೆ. ಖಾಯಂ ಹುದ್ದೆ, ಹೆಚ್ಚಿನ ಸಂಬಳ. ಕೆಲಸವೇನೆಂದರೆ, ಇನ್ನು ಮುಂದೆ ವಲಯದ ಹಳ್ಳಿಗಳಲ್ಲಿ ಮನೆಯೊಳಕ್ಕೆ ಹೋಗಿ, ಹೆಂಗಸರ ಜೊತೆ ಮಾತಾಡುತ್ತಾ ಯಾರ ಮನೆಯಲ್ಲಿ ಏನಿದೆ ಎಂದು ನೋಡಿ ಬರುವುದು. ನನಗೆ ಎಲ್ಲರೂ ಮಣೆ ಹಾಕುತ್ತಾರೆ ಎಂಬುದು ಅವರಿಗೆ ಬಹಳ ಹಿಡಿಸಿದೆ. ಅದರ ಜೊತೆಗೆ ಆ ವರದಿಗೂ ದುಭಾಷಿಯೆಂದು ಸಹಿ ಹಾಕಬೇಕು, ನನ್ನ ಸಹಿ ಇಲ್ಲದೆ ಅದು ಹೋಗುವಂತಿಲ್ಲ. ಮಾವ, "ಹಾಕು, ಹಾಕಿ ಮುಗಿಸು. ನಿನಗ್ಯಾಕೆ ಊರ ಉಸಾಬರಿ?" ಎಂದರು. ಅವರು ನಿವೃತ್ತಿಯಾಗುವ ಹೊತ್ತು. ಅವರ ಹೆದರಿಕೆ ನನಗೆ ತಿಳಿಯುತ್ತದೆ.

ನಾನು ಸಹಿ ಹಾಕುವುದಿಲ್ಲ. ಆ ವಾಕ್ಯವನ್ನು ಮತ್ತೆ ಸೇರಿಸಿದರೆ ಹಾಕುತ್ತೇನೆ ಎಂದು ನಾಳೆ ಬರೆದುಕೊಡುತ್ತೇನೆ. ಹೊಸ ಹುದ್ದೆ ಬೇಡವೆಂದೂ ಬರೆಯುತ್ತೇನೆ. ಯಾರ ಎದುರೂ ದನಿಯೆತ್ತಿ ಮಾತಾಡಲು ನನಗೆ ಬರುವುದಿಲ್ಲ, ಆದ್ದರಿಂದ ಬರೆದೇ ಕೊಡುತ್ತೇನೆ. ನೀನು ಈ ಖಾಯಂ ಕೆಲಸದ ಮೇಲೆ ಎಷ್ಟು ಆಸೆಯಿಟ್ಟಿದ್ದೆ ಎಂದು ಗೊತ್ತಿದ್ದೂ ಹೀಗೆ ಮಾಡುತ್ತಿದ್ದೇನೆ. ಬೇಜಾರಾದರೆ ಎರಡು ದಿನ ಬಿಟ್ಟು ಉತ್ತರ ಬರೆ, ಕೂಡಲೇ ಬರೆಯಬೇಡ.

ನಿನ್ನ ಮಗಳು,
ವತ್ಸಲಾ

ಮರೆತ ಮಾತು: ಈ ಲಕೋಟೆಯ ಬಾಯಿ ಒಡೆದು ಮತ್ತೆ ಅಂಟಿಸಿದಂತೆ ಕಂಡರೆ ಗಾಬರಿಯಾಗಬೇಡ. ನಮ್ಮ ಆಫೀಸಿನ ಟಪಾಲು ಚೀಲಕ್ಕೆ ಬಿದ್ದ ಕಾಗದವನ್ನೆಲ್ಲ ಅಲ್ಲಿ ಓದಿಯೇ ಕಳಿಸುತ್ತಾರೆ. ಕೆಲಸದ ವಿಷಯವನ್ನು ಮನೆಯವರಿಗೂ ಹೇಳಬಾರದೆಂದು ನನ್ನಿಂದ ಪ್ರಮಾಣ ಮಾಡಿಸಿದ್ದಾರೆ, ಅದನ್ನು ಮೀರಿದ ಕಾಗದದ ಇಂಗ್ಲಿಷು ಅನುವಾದ ಕಡತ ಸೇರಿ ಮೇಲಿನವರವರೆಗೂ ಹೋಗುತ್ತದೆ, ಅದನ್ನು ಸಾಹೇಬರೂ ತಡೆಯುವಂತಿಲ್ಲ. ಕನ್ನಡ ಕಾಗದಗಳನ್ನು ಇಂಗ್ಲಿಷು ಮಾಡುವವಳು ನಾನೇ. ಇದನ್ನು ರಾಜಾಜಿನಗರದ ಅಂಚೆ ಡಬ್ಬಿಗೆ ಹಾಕಿದ್ದರೆ ನಾಳೆಯೇ ಯಾರೂ ಓದದೆ ನಿನ್ನ ಕೈ ಸೇರುತ್ತಿತ್ತು. ಆದರೆ ಆಫೀಸಿನ ಚೀಲಕ್ಕೇ ಹಾಕುತ್ತೇನೆ. ಇಂಗ್ಲಿಷನ್ನೂ ನಾನೇ ಬರೆದು ಮುಗಿಸಿದ್ದೇನೆ, ತಾಮ್ರದ ಬಲೆಯ ಮಾತನ್ನು ಬಿಡದೆ.